ನೀವು ಯಾವ ನಮೂನಿ ಮುಸಲ್ಮಾನರು?

ಪುಣೆಗೆ ಬಂದ ದಿನದಿಂದ ಜನ ನನ್ನನ್ನು ಕೇಳುತ್ತಿರುವುದು ಇದೊಂದೇ ಪ್ರಶ್ನೆ. ನನಗೆ ಮೈ ಉರಿಯುವುದೂ ಇದೊಂದಕ್ಕೇ. ಆದರೂ ತಿಂಗಳು ತುಂಬುವುದರೊಳಗೆ ಯಾರೋ ಒಬ್ಬರು ಬಂದು ಅದನ್ನೇ ಕೇಳಿರುತ್ತಾರೆ.

ನಮ್ಮದು ಬಾಗಲಕೋಟೆ ಕಡೆಯ ಪಿಂಜಾರ ಮನೆತನ. ಹತ್ತಿ ಹಿಂಜುವುದು, ಗಾದಿ ತುಂಬುವುದು ಕಸುಬು. ಮನೆಮಾತು ಕನ್ನಡ. ಎಪ್ಪತ್ತರ ದಶಕದಲ್ಲಿ ನಮ್ಮ ಯಜಮಾನರು ಪುಣೆಯ ಕ್ಯಾಂಪಿನಲ್ಲಿ ಗಾದಿ ಅಂಗಡಿ ಇಟ್ಟರು. ಅವರು ಹತ್ತಿ ತುಂಬುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಕೈಯಲ್ಲಿ ದಬ್ಬಣ ಹಿಡಿದ ಹೆಂಗಸನ್ನು ಕೆಣಕಬಾರದು ಎಂಬ ಬುದ್ಧಿ ಆ ಊರಿನಲ್ಲಿ ಯಾರಿಗೂ ಇದ್ದಂತೆ ಕಾಣಲಿಲ್ಲ.

ಎರಡರಲ್ಲಿ ಒಂದು ತಪ್ಪು

ಮಗಳನ್ನು ಶಾಲೆಗೆ ಹಚ್ಚಲು ಹೋದೆ. ಅಲ್ಲಿಯ ಗುಮಾಸ್ತ ಅರ್ಜಿ ಓದಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಧರ್ಮ: ಮುಸ್ಲಿಂ. ಮಾತೃಭಾಷೆ: ಕನ್ನಡ.

"ಬಾಯಿ, ಇದರಲ್ಲಿ ಒಂದು ತಪ್ಪಾಗಿದೆ," ಅಂದ ಮರಾಠಿಯಲ್ಲಿ. ಅಲ್ಲಿ ಹೆಂಗಸರನ್ನೆಲ್ಲ 'ಬಾಯಿ' ಅನ್ನುವುದು ರೂಢಿ.

"ಯಾವುದು?"

"ಅದನ್ನು ನೀವು ಹೇಳಬೇಕು. ಎರಡೂ ಕೂಡಿ ಇರುವುದಿಲ್ಲ."

"ನಾನೇ ಇದ್ದೀನಲ್ಲ, ನಿಮ್ಮ ಮುಂದೆ ನಿಂತಿದ್ದೀನಲ್ಲ!"

ಅವನು ನನ್ನನ್ನು ನೋಡಲೇ ಇಲ್ಲ, ಅರ್ಜಿಯನ್ನೇ ನೋಡಿದ. 'ಕನ್ನಡ' ಹೊಡೆದು 'ಉರ್ದು' ಎಂದು ಬರೆಯಲು ಪೆನ್ನು ಎತ್ತಿದ. ನಾನು ಮೇಜು ಗುದ್ದಿದೆ. ಮಸಿದೌತಿ ಉರುಳಿತು. ನನ್ನ ಅವ್ವ ನನಗೆ ಜೋಗುಳ ಹಾಡಿದ್ದು ಯಾವ ಭಾಷೆಯಲ್ಲಿ ಎಂದು ತೀರ್ಮಾನಿಸಲು ಇವನು ಯಾರು? ಅಲ್ಲಿದ್ದವರೆಲ್ಲ ಎದ್ದು ಬರುವಷ್ಟು ಕೂಗಾಡಿದೆ.

ಅವನು ಹೆದರಿಬಿಟ್ಟ. "ಶಾಂತವಾಗಿ ಬಾಯಿ, ಶಾಂತವಾಗಿ. ನಿಮ್ಮ ಕನ್ನಡ ಮುಟ್ಟುವುದಿಲ್ಲ," ಎಂದು ಬೇರೆ ಅರ್ಜಿ ತೆಗೆದು ತಾನೇ ತುಂಬಿಕೊಟ್ಟ. ಗೆದ್ದೆನೆಂದು ಮನೆಗೆ ತಂದು ನಮ್ಮವರ ಕೈಗೆ ಕೊಟ್ಟೆ.

ಅವರು ಓದಿ ಕೇಳಿದರು, "ಏನ, ನಾವು ಲಿಂಗಾಯತರು ಯಾವಾಗ ಆದ್ವಿ?"

ಆಮೀನ್

ನಮ್ಮ ಮಾಳಿಗೆಯ ಮೇಲೆ ಸೂಡಾನದ ಗಂಡ-ಹೆಂಡತಿ ಬಾಡಿಗೆಗಿದ್ದರು. ಗಂಡ ಕಾಲೇಜಿಗೆ ಓದಲು ಬಂದವನು. ಹೆಂಡತಿಗೆ ಅರಬ್ಬಿ ಬಿಟ್ಟರೆ ಬೇರೆ ಮಾತಿಲ್ಲ. ನಮ್ಮ ಸೀರೆಯಂಥದೇ ಉದ್ದನೆಯ ಬಟ್ಟೆಯನ್ನು ಮೈಗೂ ತಲೆಗೂ ಸುತ್ತಿಕೊಳ್ಳುವುದು ಅವರ ದೇಶದ ಪದ್ಧತಿ. ಎರಡು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದಿದ್ದರಿಂದ ಅವಳು ಬೈಯುವಷ್ಟು ಅರಬ್ಬಿ ನನಗೆ ತಿಳಿಯುತ್ತಿತ್ತು.

ಅದೇ ಓಣಿಗೆ ಹೆಂಗಸರಿಗೆ ಧರ್ಮ ಹೇಳಿಕೊಡಲು ಒಬ್ಬಾಕೆ ಬರುತ್ತಿದ್ದಳು. ಒಂದು ದಿನ ನಮ್ಮ ಮನೆಗೂ ಬಂದಳು. ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದು ಕೂತವಳೇ ನನ್ನ ಇಳಕಲ್ ಸೀರೆ ನೋಡಿದಳು, ಕೊರಳಿನ ಕರಿಮಣಿ ನೋಡಿದಳು. "ಇದೇನು ಅವತಾರ? ನೀವು ಯಾವ ಥರದ ಮುಸಲ್ಮಾನರು? ಅರಬ್ಬರ ಹೆಂಗಸರನ್ನು ನೋಡಿ ಕಲಿ," ಅಂದಳು. ನನ್ನ ತಾಯಿ, ಅಜ್ಜಿ ಎಲ್ಲ ಈ ಕರಿಮಣಿಯಲ್ಲೇ ನಮಾಜು ಮಾಡಿ ಮಣ್ಣಿಗೆ ಹೋದವರು. ಅವರೆಲ್ಲ ಸುಳ್ಳೇ ಹಾಗಾದರೆ? ಬಾಯಿಗೆ ಬಂದದ್ದನ್ನು ಇನ್ನೇನು ಅಂದೇಬಿಡಬೇಕು.

ಅಷ್ಟರಲ್ಲಿ ಸೂಡಾನದವಳು ಖಾಲಿ ಹಂಡೆ ಹಿಡಿದು ಬಾಗಿಲಿಗೆ ಬಂದಳು.

"ನೋಡು, ನಿನ್ನನ್ನು ನೋಡಿ ಇವಳೂ ಸೀರೆ ಉಟ್ಟು ಕೆಟ್ಟಳು!" ಅಂದಳು ಧರ್ಮದ ಬಾಯಿ ನನಗೆ.

ಸೂಡಾನದವಳು ಆಕಾಶಕ್ಕೆ ಕೈ ಎತ್ತಿ ಅರಬ್ಬಿಯಲ್ಲಿ ಶುರು ಮಾಡಿದಳು. ಅರಬ್ಬಿ ಕಿವಿಗೆ ಬಿದ್ದದ್ದೇ ಧರ್ಮದ ಬಾಯಿ ತಟ್ಟನೆ ತಲೆ ಮುಚ್ಚಿಕೊಂಡು ಎರಡೂ ಅಂಗೈ ಚಾಚಿದಳು. ಅವಳು ಉಸಿರು ಬಿಟ್ಟಲ್ಲೆಲ್ಲ ಇವಳು ಭಕ್ತಿಯಿಂದ "ಆಮೀನ್" ಅನ್ನುತ್ತಿದ್ದಳು. ಕಣ್ಣಲ್ಲಿ ನೀರೂ ಬಂತು.

ಸೂಡಾನದವಳು ಹೇಳುತ್ತಿದ್ದದ್ದು ಇಷ್ಟೇ: "ನನ್ನ ಹಂಡೆಯ ನೀರನ್ನೆಲ್ಲ ಕೈಕಾಲು ತೊಳೆದು ಖಾಲಿ ಮಾಡಿದ ಆ ಹೆಂಗಸಿನ ಮನೆಯ ಬಾವಿ ಬತ್ತಲಿ!"

ಪೋಸ್ಟ್ ಕಾರ್ಡು

ಸೂಡಾನದವಳ ಗಂಡ ಮಸೀದಿಯಲ್ಲಿ ನಮ್ಮಂತೆ ಕೈ ಕಟ್ಟದೆ, ಇಳಿಬಿಟ್ಟು ನಮಾಜು ಮಾಡುತ್ತಿದ್ದ. ನಮ್ಮ ಮಸೀದಿಯ ಹಿರಿಯರೊಬ್ಬರಿಗೆ ಅದು ಕಣ್ಣಿಗೆ ಚುಚ್ಚಿತು. ಅವನನ್ನು ಕರೆದುಕೊಂಡು ಸೀದಾ ನಮ್ಮ ಅಂಗಡಿಗೆ ಬಂದರು.

"ನಿಮ್ಮ ಮನೆಯಲ್ಲಿರುವವನು. ನೀವೇ ತಿದ್ದಿ."

ಸೂಡಾನದವನು ತನ್ನ ಹರಕು ಹಿಂದಿಯಲ್ಲಿ ಅಂದ: "ಮೇರಾ ಬಾಪ್ ಐಸಾ. ದಾದಾ ಐಸಾ. ದಾದಾ ಕಾ ದಾದಾ ಐಸಾ. ಪೂರಾ ದೇಶ್ ಐಸಾ."

"ಇಡೀ ದೇಶವೇ ತಪ್ಪು ಮಾಡುತ್ತಿದೆಯಾ!" ಎಂದು ಹಿರಿಯರು ಹಣೆ ಒತ್ತಿಕೊಂಡರು.

ನನಗೆ ತಡೆಯಲಾಗಲಿಲ್ಲ. "ಚಾಚಾ, ಆ ಹುಡುಗ ಇಲ್ಲಿಗೆ ಬಂದು ವರ್ಷ ಎರಡಾತು. ಊಟ ಮಾಡಿದಿ ಏನಪಾ ಅಂತ ಒಂದು ದಿನಾನೂ ಕೇಳಲಿಲ್ಲ ನೀವು. ಕೈ ಎಲ್ಲಿ ಇಟ್ಟಾನ ಅಂತ ನೋಡಾಕ ಬಂದ್ರಿ!" ಎಂದು ಕನ್ನಡದಲ್ಲೇ ಒದರಿದೆ.

ಅವರಿಗೆ ಕನ್ನಡ ಬಾರದು. ನನ್ನ ದನಿ ಕೇಳಿ ತಮಗೆ ಬೆಂಬಲ ಸಿಕ್ಕಿತೆಂದುಕೊಂಡರು. ಮರುದಿನವೇ, ತಮ್ಮ ನಮಾಜು ತಿದ್ದಿಕೊಳ್ಳಬೇಕೆಂದು ಸೂಡಾನದ ಸಮಸ್ತ ಮುಸಲ್ಮಾನರಿಗೆ ಒಂದು ಪೋಸ್ಟ್ ಕಾರ್ಡು ಬರೆದು ತಂದರು. ಅವರಿಗೆ ಉಳಿದಿದ್ದ ತೊಂದರೆ ಒಂದೇ.

"ಪಿನ್ ಕೋಡ್ ಎಷ್ಟು?"

ಸಿಹಿ ಮಾತು

ಒಂದು ವರ್ಷ ಪುಣೆಯ ಕನ್ನಡಿಗರ ರಾಜ್ಯೋತ್ಸವದಲ್ಲಿ ಮಗಳು ವಚನಗಳ ಕಂಠಪಾಠ ಸ್ಪರ್ಧೆಗೆ ನಿಂತಳು. ಮೊದಲ ಬಹುಮಾನ ಬಂತು. ಮುಖ್ಯ ಅತಿಥಿ ಒಬ್ಬ ದೊಡ್ಡ ಬಟ್ಟೆ ವ್ಯಾಪಾರಿ. ಅಜ್ಜನ ಕಾಲಕ್ಕೆ ನಮ್ಮ ಕಡೆಯಿಂದಲೇ ಬಂದ ಮನೆತನ. ಕನ್ನಡದ ಹಿರಿಮೆಯ ಮೇಲೆ ಮುಕ್ಕಾಲು ತಾಸು ಮಾತಾಡಿದರು, ಮರಾಠಿಯಲ್ಲಿ.

ಬಹುಮಾನ ಕೊಡುವಾಗ ಮಗಳ ಹೆಸರು ಓದಿ, ನನ್ನನ್ನೂ ವೇದಿಕೆಗೆ ಕರೆದರು. "ಇವರು ನಮ್ಮವರಲ್ಲ, ಪರಭಾಷೆಯವರು. ಆದರೂ ನಮ್ಮ ಭಾಷೆ ಕಲಿತಿದ್ದಾರೆ. ಚಪ್ಪಾಳೆ ಹೊಡೆಯಿರಿ," ಅಂದರು.

ಚಪ್ಪಾಳೆ ಬಿತ್ತು. ಮಗಳ ಮುಖ ಸಣ್ಣದಾಯಿತು. ಅದನ್ನು ನೋಡಿ ನನ್ನ ರಕ್ತ ಕುದಿಯಿತು. ಕೇಳದೆಯೇ ಮೈಕು ಎಳೆದುಕೊಂಡೆ.

"ನಾವು ಪರಭಾಷೆಯವ್ರಲ್ರೀ. ನಮ್ಮ ಅಜ್ಜ ಹಿಂಜಿದ ಹತ್ತಿ ಮ್ಯಾಲ ನಿಮ್ಮ ಅಜ್ಜಂದ್ರು ಮಲಕೊಂಡಾರ. ಮಲಕೊಂಡವ್ರು ಮಾತು ಮರತ್ರಿ, ಹಿಂಜಿದವ್ರು ಮರತಿಲ್ಲ. ನಮ್ಮ ಮನ್ಯಾಗ ಸತ್ತವರಿಗೆ ಅಳೂದೂ ಕನ್ನಡದಾಗ, ಅಲ್ಲಾನ ಹಂತೇಕ ಬೇಡಿಕೊಳ್ಳೂದೂ ಕನ್ನಡದಾಗ. ನನ್ನ ಮಗಳು ಕನ್ನಡಾ ಕಲತಿಲ್ರೀ, ಎದಿಹಾಲಿನ ಕೂಡ ಕುಡದಾಳ. ನಿಮಗ ಬರೂದಿಲ್ಲಂದ್ರ ನಮ್ಮ ಅಂಗಡಿಗೆ ಬರ್ರಿ, ನಾ ಕಲಸ್ತೀನಿ!"

ಮುಂದಿನ ಸಾಲಿನವರು ಕಾಲ ಬೆರಳು ನೋಡಿಕೊಳ್ಳತೊಡಗಿದರು. ಅತಿಥಿಗಳು ಮಾತ್ರ ನಗುನಗುತ್ತ, ಪಕ್ಕದಲ್ಲಿದ್ದ ಧಾರವಾಡದ ಕಾರ್ಯದರ್ಶಿಯ ಕಡೆ ಬಾಗಿದರು. "ಬಾಯಿ ಕಾಯ ಮ್ಹಣಾಲ್ಯಾ?" ಬಾಯಿ ಏನಂದರು?

ಕಾರ್ಯದರ್ಶಿಯ ಹಣೆಯಿಂದ ಬೆವರು ಇಳಿಯುತ್ತಿತ್ತು. "ತಮಗೆ ಧನ್ಯವಾದ ಹೇಳಿದರು, ಸಾಹೇಬರ," ಅಂದ ಮರಾಠಿಯಲ್ಲಿ.

ಅತಿಥಿಗಳು ಕಣ್ಣು ಮುಚ್ಚಿ ತಲೆದೂಗಿದರು. ನಾನು ಬಿಟ್ಟ ಮೈಕು ಅವರ ಮುಂದೆಯೇ ಇತ್ತು, ಇಡೀ ಸಭೆಗೆ ಕೇಳಿಸಿತು:

"ವಾಹ್! ಯಾರು ಏನೇ ಅನ್ನಲಿ, ಉರ್ದುವಿನ ಸಿಹಿಯೇ ಬೇರೆ!"