ವಾಲ್ಟರ್ ಸಾಹೇಬರ ಬಿಲ್ಲು

ನನ್ನ ಕೈಯಿಂದ ಇದುವರೆಗೆ ಸತ್ತ ಅತಿ ದೊಡ್ಡ ಪ್ರಾಣಿ ಜಿರಲೆ. ಅದೂ ನನ್ನ ಚಪ್ಪಲಿಯ ಏಟಿನಿಂದ ಸತ್ತಿತೋ, ಅಡುಗೆಮನೆಯ ತುಂಬ ಓಡಿ ಓಡಿ ಸುಸ್ತಾಗಿ ಸತ್ತಿತೋ ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಮೀನು ತಿನ್ನುತ್ತೇನೆ, ಕೋಳಿ ತಿನ್ನುತ್ತೇನೆ, ಆದರೆ ಅವು ಶುಚಿಯಾಗಿ ತುಂಡಾಗಿ ಪ್ಲಾಸ್ಟಿಕ್ ಚೀಲದೊಳಗೆ ಬಂದರೆ ಮಾತ್ರ ನನಗೂ ಅವಕ್ಕೂ ಸ್ನೇಹ. ಇಂಥ ನಾನು ಕುವೈತಿನಲ್ಲಿ ಒಂದು ವರ್ಷದ ಮಟ್ಟಿಗೆ ಬಿಲ್ಲುಬೇಟೆಗಾರನಾಗಿದ್ದೆ ಎಂದರೆ ನೀವು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ನನ್ನ ಹೆಂಡತಿ ಸುಮತಿಯೇ ಇನ್ನೂ ನಂಬಿಲ್ಲ.

ಆಗ ನಾನು ಅಹ್ಮದಿಯಲ್ಲಿ ಒಂದು ಗುತ್ತಿಗೆ ಕಂಪನಿಯ ಸ್ಟೋರಿನಲ್ಲಿ ಗುಮಾಸ್ತ. ಮನೆ ಖೈತಾನಿನಲ್ಲಿ, ನಾಲ್ಕನೆಯ ಮಹಡಿ. ನಮ್ಮ ಕಂಪನಿಯಲ್ಲಿ ವಾಲ್ಟರ್ ಎಂಬ ಅಮೆರಿಕದ ಎಂಜಿನಿಯರ್ ಇದ್ದರು. ವಾಲ್ವು ಬೇಕು, ಗ್ಯಾಸ್ಕೆಟ್ ಬೇಕು ಎಂದು ಸ್ಟೋರಿಗೆ ಬಂದರೆ ಉಳಿದ ಸಾಹೇಬರ ಹಾಗೆ ಕೌಂಟರ್ ಬಡಿಯುತ್ತಿರಲಿಲ್ಲ. ಬಂದು ಸುಮ್ಮನೆ ನಿಲ್ಲುತ್ತಿದ್ದರು. ನಾನು ತಲೆ ಎತ್ತುವವರೆಗೆ ಅವರು ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಎರಡು ಸಲ ಬೆಚ್ಚಿಬಿದ್ದು ಚಹಾ ಚೆಲ್ಲಿಕೊಂಡ ಮೇಲೆ, ಇದೆಂಥ ಅಭ್ಯಾಸ ಸಾರ್ ಎಂದು ಕೇಳಿಯೇಬಿಟ್ಟೆ. ಬಿಲ್ಲು ಹಿಡಿದು ಜಿಂಕೆ ಬೇಟೆಯಾಡುವವನಿಗೆ ಬೇರೆ ಥರ ನಿಲ್ಲಲು ಬರುವುದಿಲ್ಲ ಎಂದರು. ಅಲ್ಲಿಂದ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಕೋವಿ ಇರುವ ದೇಶದ ಮನುಷ್ಯ, ಎಂಜಿನಿಯರಿಂಗ್ ಓದಿದವರು, ಬಿಲ್ಲು ಯಾಕೆ ಹಿಡಿಯಬೇಕು? ಕೇಳಿದೆ. ಕೋವಿಯಾದರೆ ದೂರದಿಂದಲೇ ಕೆಲಸ ಮುಗಿಯುತ್ತದೆ, ಬಿಲ್ಲಿಗೆ ಜಿಂಕೆ ಇಪ್ಪತ್ತು ಹೆಜ್ಜೆಯ ಒಳಗೆ ಬರಬೇಕು, ಅದು ಬರಬೇಕಾದರೆ ನಾವು ಅಲ್ಲಿ ಇಲ್ಲದ ಹಾಗೆ ಇರಬೇಕು ಎಂದು ವಿವರಿಸಿದರು. ಬೆಳಕು ಹರಿಯುವ ಮೊದಲು ಮರ ಹತ್ತಿ ಕೂತು, ಮಧ್ಯಾಹ್ನದವರೆಗೆ ಚಳಿಯಲ್ಲಿ ಮರಗಟ್ಟಿ, ಒಂದು ಅಳಿಲನ್ನು ಮಾತ್ರ ಕಂಡು ಇಳಿದು ಬಂದ ದಿನವನ್ನು ಅವರು ಬಹಳ ಒಳ್ಳೆಯ ದಿನ ಎಂದು ನೆನೆಸಿಕೊಂಡರು. ನಾನಾಗಿದ್ದರೆ ಒಂದು ರಜೆ ದಂಡವಾಯಿತು ಎಂದು ವಾರವಿಡೀ ಗೊಣಗುತ್ತಿದ್ದೆ.

ಕುವೈತಿನಲ್ಲಿ ಜಿಂಕೆಯೂ ಇಲ್ಲ, ಹತ್ತಲು ಮರವೂ ಇಲ್ಲ. ಆದರೂ ಕೈ ಮರೆಯಬಾರದೆಂದು ಅವರು ಶುಕ್ರವಾರ ಬೆಳಿಗ್ಗೆ ಮರಳಿಗೆ ಹೋಗಿ, ಹುಲ್ಲು ತುಂಬಿದ ಗೋಣಿಗೆ ಬಾಣ ಬಿಡುತ್ತಿದ್ದರು. ಒಂದು ಶುಕ್ರವಾರ ನನ್ನನ್ನೂ ಕರೆದುಕೊಂಡು ಹೋದರು. ಬಿಲ್ಲು ಮರದ್ದು, ಮೂರು ತುಂಡಾಗಿ ಬಿಚ್ಚಿ ಪೆಟ್ಟಿಗೆಯಲ್ಲಿಡುವಂಥದ್ದು, ಅವರ ತಂದೆ ಕೈಯಾರೆ ಮಾಡಿದ್ದು. ಬಿಲ್ಲನ್ನು ನನ್ನ ಕೈಗೆ ಕೊಟ್ಟು, ಹಿಡಿದು ನೋಡಿ ಎಂದರು. ಬಿಲ್ಲುಗಾರಿಕೆಯಲ್ಲಿ ನನಗೆ ಅನುಭವವೇ ಇರಲಿಲ್ಲ ಎನ್ನುವಂತಿಲ್ಲ. ನಮ್ಮ ಸಂಘದ ಯಕ್ಷಗಾನದಲ್ಲಿ ಎರಡು ವರ್ಷ ಪುಂಡುವೇಷ ಮಾಡಿದವನು ನಾನು. ಹಾಗಾಗಿ ಎಡಗಾಲು ಮುಂದಿಟ್ಟು, ಎದೆ ಉಬ್ಬಿಸಿ, ಹುಬ್ಬು ಹಾರಿಸಿ, ಒಂದು ಸುತ್ತು ತಿರುಗಿ ನಿಂತು ಹಗ್ಗ ಎಳೆದೆ. ವಾಲ್ಟರ್ ಸಾಹೇಬರು ಬಹಳ ಗಂಭೀರವಾಗಿ, ಆ ಸುತ್ತು ತಿರುಗುವುದು ಗಾಳಿ ಯಾವ ಕಡೆ ಬೀಸುತ್ತದೆಂದು ನೋಡುವುದಕ್ಕಾ ಎಂದು ಕೇಳಿದರು. ಯಕ್ಷಗಾನದಲ್ಲಿ ಬಾಣ ಬಿಲ್ಲಿನಿಂದ ಹೊರಡುವ ಪದ್ಧತಿಯೇ ಇಲ್ಲ, ಬಿಟ್ಟಾಯಿತೆಂದು ಚೆಂಡೆಯವರು ತಿಳಿಸುತ್ತಾರೆ, ಎದುರಿನವನು ಮರ್ಯಾದೆಯಿಂದ ಬೀಳುತ್ತಾನೆ ಎಂದು ಅವರಿಗೆ ಹೇಗೆ ಹೇಳಲಿ? ಇಲ್ಲಿ ಬಾಣ ಹೊರಟೇಬಿಟ್ಟಿತು. ಗೋಣಿ ಇದ್ದದ್ದು ಎದುರಿಗೆ, ಬಾಣ ಹೋದದ್ದು ಸಾಹೇಬರ ಜೀಪಿನ ಕಡೆಗೆ.

ಆಮೇಲೆ ಎಷ್ಟೋ ಶುಕ್ರವಾರ ಹೋದೆ. ಗೋಣಿಗೆ ಬಾಣ ತಾಗಲು ಶುರುವಾದದ್ದು ಆರನೆಯ ವಾರವೋ ಏಳನೆಯ ವಾರವೋ. ಆದರೆ ನನಗೆ ರುಚಿ ಹತ್ತಿದ್ದು ತಾಗಿದ್ದರಿಂದ ಅಲ್ಲ. ಹಗ್ಗಕ್ಕೆ ಉಜ್ಜುವ ಜೇನುಮೇಣದ ವಾಸನೆ, ಎಳೆದು ನಿಂತಾಗ ಉಸಿರು ತಾನಾಗಿ ಹಗುರಾಗುವುದು, ಆ ಎರಡು ಕ್ಷಣ ಇಕಾಮಾ ಎಂಬ ವಾಸದ ಪರವಾನಗಿ, ಸ್ಟಾಕು, ಊರಿನ ಪತ್ರ ಯಾವುದೂ ತಲೆಯಲ್ಲಿ ಇರದಿರುವುದು, ಇವೆಲ್ಲ ಇಷ್ಟವಾಗತೊಡಗಿದವು. ಬಿಟ್ಟ ಬಾಣ ಹುಡುಕಿಕೊಂಡು ಮರಳಿನಲ್ಲಿ ನಡೆಯುವುದಂತೂ ಬಹಳ ಹಿಡಿಸಿತು. ನಾನು ಬಿಟ್ಟ ಬಾಣಗಳಿಗಾಗಿ ಬಹಳ ನಡೆಯಬೇಕಾಗುತ್ತಿತ್ತು. ಮನೆಗೆ ಬಂದರೆ ಸುಮತಿ ಎಂತ ಸಿಕ್ಕಿತು ಎಂದು ವಿಚಾರಿಸುವಳು. ನಾನು ಬೂಟು ಬಿಚ್ಚಿ ಬಾಗಿಲಿನಲ್ಲಿ ಮರಳು ಸುರಿಯುವೆ. ಎಂಟು ವರ್ಷದ ಮಗಳು ದೀಪಾ ಇಂಗ್ಲಿಷಿನಲ್ಲಿ, ಡ್ಯಾಡಿ ಯಾವಾಗಲಾದರೂ ಏನಾದರೂ ಹೊಡೆದದ್ದುಂಟೋ ಎಂದು ಅಮ್ಮನನ್ನು ಕೇಳುವಳು. ಅವರಿಬ್ಬರ ನಡುವೆ ಈ ವಿಷಯದಲ್ಲಿ ಮಾತ್ರ ಜಗಳವಿರಲಿಲ್ಲ.

ಜುಲೈಯಲ್ಲಿ ವಾಲ್ಟರ್ ಸಾಹೇಬರು ರಜೆಗೆ ಊರಿಗೆ ಹೊರಟರು. ಅವರ ಕ್ವಾರ್ಟರ್ಸಿನಲ್ಲಿ ಏಸಿ ನಿಲ್ಲಿಸಿದರೆ ಸೆಕೆಗೆ ಮರ ಸೊಟ್ಟಗಾಗುತ್ತದೆ ಎಂದು ಬಿಲ್ಲಿನ ಪೆಟ್ಟಿಗೆಯನ್ನು ನನಗೆ ಒಪ್ಪಿಸಿದರು. ಜೊತೆಗೆ ಆರು ಹೊಸ ಬಾಣ, ಗೋಣಿಗೆ ಬಿಡುವಂಥವಲ್ಲ, ಬ್ಲೇಡಿನಂಥ ತುದಿಯ ನಿಜವಾದ ಬೇಟೆಯ ಬಾಣಗಳು. ತುಕ್ಕು ಹಿಡಿಯಬಾರದೆಂದು ಒಂದೊಂದರ ತುದಿಗೂ ಎಣ್ಣೆಕಾಗದ ಸುತ್ತಿ ದಾರ ಕಟ್ಟಿದ್ದರು. "ಇದು ಅಪ್ಪನ ಕೈಕೆಲಸ. ನಾನು ಬರುವವರೆಗೆ ನಿಮ್ಮದೇ ಎಂದು ನೋಡಿಕೊಳ್ಳಿ," ಎಂದರು. ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಮೂರು ವಾರದ ಮಾತಲ್ಲವೇ ಎಂದುಕೊಂಡಿದ್ದೆ.

ಅದು ತೊಂಬತ್ತನೆಯ ಇಸವಿ, ಆಗಸ್ಟಿನಲ್ಲಿ ಏನಾಯಿತೆಂದು ನಿಮಗೆಲ್ಲ ಗೊತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೀದಿಯಲ್ಲಿ ಬೇರೆ ದೇಶದ ಸೈನಿಕರು. ಕೆಲಸ ಖಲಾಸ್, ಬ್ಯಾಂಕು ಖಲಾಸ್, ಫೋನು ಖಲಾಸ್. ಮನೆ ಮನೆ ಹುಡುಕುತ್ತಾರೆ, ಆಯುಧ ಸಿಕ್ಕಿದರೆ ಗಂಡಸರನ್ನು ಕರೆದುಕೊಂಡು ಹೋಗುತ್ತಾರೆ ಎಂಬ ಸುದ್ದಿ ಕುಬ್ಬೂಸ್ ರೊಟ್ಟಿಯ ಸಾಲಿನಲ್ಲಿ ದಿನಾ ಸಿಗುತ್ತಿತ್ತು. ಕುಬ್ಬೂಸ್ ಮಾತ್ರ ದಿನಾ ಸಿಗುತ್ತಿರಲಿಲ್ಲ. ನಮ್ಮ ಮಂಚದ ಕೆಳಗೆ ಬಿಲ್ಲು, ಆರು ಬಾಣ, ಅದೂ ಅಮೆರಿಕದವರ ಸಾಮಾನು. ಸುಮತಿಯ ನಿದ್ದೆ ಹೋಯಿತು. "ಇದು ಮನೆಯಲ್ಲಿ ಬೇಡ. ಎಲ್ಲಿಯಾದರೂ ಬಿಸಾಡಿ ಬನ್ನಿ. ನಿಮ್ಮನ್ನು ಹಿಡಿದುಕೊಂಡು ಹೋದರೆ ಈ ಮಗುವನ್ನು ಕಟ್ಟಿಕೊಂಡು ನಾನು ಎಂತ ಮಾಡಲಿ?" ಎಂದಳು. ಅವಳು ಹೇಳಿದ್ದು ಪೂರ್ತಿ ಸರಿ. ನನಗೂ ಹೆದರಿಕೆಯಾಗಿತ್ತು. ಆದರೆ ಬಿಸಾಡಲು ಹೊರಗೆ ಒಯ್ಯಬೇಕಲ್ಲ, ಬೀದಿಯ ಮೂಲೆಯಲ್ಲೇ ಚೆಕ್‌ಪೋಸ್ಟ್. ಆ ನೆವ ಹೇಳಿ ಸುಮ್ಮನಾದೆ. ಒಬ್ಬರ ಅಪ್ಪ ಮಾಡಿದ ವಸ್ತುವನ್ನು ಕಸದ ಡಬ್ಬಿಗೆ ಹಾಕಲು ಮನಸ್ಸು ಬರಲಿಲ್ಲ ಎನ್ನುವುದು ನಿಜವಾದ ಕಾರಣ.

ಸೆಪ್ಟೆಂಬರಿನ ಹೊತ್ತಿಗೆ ಅಂಗಡಿಗಳಲ್ಲಿ ಕೋಳಿ ಕಾಣುವುದು ನಿಂತಿತು. ದಿನಾ ತೊವ್ವೆ. ಊರಿಗೆ ವಿಮಾನ ಹತ್ತಿಸಲು ಅಮ್ಮಾನಿಗೆ ಕರೆದೊಯ್ಯುವ ಬಸ್ಸಿನಲ್ಲಿ ನಮ್ಮ ಸರದಿ ಇನ್ನೂ ಬಂದಿರಲಿಲ್ಲ. ದೀಪಾ ತಟ್ಟೆ ದೂಡತೊಡಗಿದಳು. ಒಂದು ದಿನ ಸುಮತಿ ನನ್ನ ಮುಖ ನೋಡದೆ, ಟೆರೇಸಿನ ನೀರಿನ ಟ್ಯಾಂಕಿನ ಹತ್ತಿರ ಪಾರಿವಾಳ ತುಂಬ ಉಂಟು ಎಂದಳು. ಇಷ್ಟು ದಿನ ಬಿಸಾಡಿ ಎಂದವಳೇ ಹೀಗೆ ಹೇಳಿದ ಮೇಲೆ ನನ್ನೊಳಗಿನ ಪುಂಡುವೇಷ ಎದ್ದು ಕೂತಿತು. ಸಂಜೆ ಬಿಲ್ಲನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮೇಲೆ ಹೋದೆ. ಟ್ಯಾಂಕಿನ ಮರೆಯಲ್ಲಿ, ವಾಲ್ಟರ್ ಸಾಹೇಬರು ಕಲಿಸಿದ ಹಾಗೆ, ಇಲ್ಲದ ಹಾಗೆ ಕೂತೆ. ಮೊದಲ ಅರ್ಧ ಗಂಟೆ ಸೊಂಟ ನೋವು. ಆಮೇಲೆ ವಿಚಿತ್ರವಾಯಿತು. ಕಾರುಗಳಿಲ್ಲದ ಊರು ಎಷ್ಟು ಮೌನವಾಗಿದೆ ಎಂದು ಮೊದಲ ಸಲ ಕೇಳಿಸಿಕೊಂಡೆ. ಪಾರಿವಾಳಗಳು ಬಂದವು. ಒಂದಕ್ಕೆ ಕಾಲು ಕುಂಟು, ಒಂದು ಜಗಳಗಂಟಿ, ಇನ್ನೊಂದು ಬೇರೆಯವು ತಿನ್ನುವುದನ್ನು ನೋಡುತ್ತ ನಿಲ್ಲುವಂಥದ್ದು. ಎರಡು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಹೆದರಿಕೆ ಆ ಒಂದು ಗಂಟೆ ನನ್ನನ್ನು ಬಿಟ್ಟು ಎಲ್ಲಿಗೋ ಹೋಗಿತ್ತು. ಸಾಹೇಬರು ಅಳಿಲು ಕಂಡ ದಿನವನ್ನು ಒಳ್ಳೆಯ ದಿನ ಎಂದದ್ದು ಯಾಕೆಂದು ನನಗೆ ಗೊತ್ತಾದದ್ದು ಅಲ್ಲಿ.

ಮೂರನೆಯ ಸಂಜೆ ನೋಡುತ್ತ ನಿಲ್ಲುವ ಆ ಪಾರಿವಾಳ ಹತ್ತು ಹೆಜ್ಜೆ ದೂರಕ್ಕೆ ಬಂತು. ಬಾಣ ಹೂಡಿದೆ, ಎಳೆದೆ. ಅದು ಕತ್ತು ಓರೆ ಮಾಡಿ ನನ್ನ ಕಡೆಗೇ ನೋಡಿತು. ಬಿಡಲಾಗಲಿಲ್ಲ. ಮೆಲ್ಲಗೆ ಹಗ್ಗ ಸಡಿಲ ಬಿಟ್ಟು ಕೂತೆ. ಒಂದು ಜೀವ ಉಳಿಸಿದೆ ಎಂದು ನನ್ನ ಬಗ್ಗೆ ನನಗೇ ಗೌರವ ಬಂತು. ಕೆಳಗೆ ಬಂದು, ಮೊದಲೆರಡು ದಿನ ಹೇಳಿದ್ದನ್ನೇ ಸುಮತಿಗೆ ಹೇಳಿದೆ. ಗುರಿ ತಪ್ಪಿತು.

ಮಾರನೆಯ ದಿನ ನವರಾತ್ರಿಯ ಆಯುಧಪೂಜೆ. ಯುದ್ಧವಾದರೂ ಪೂಜೆ ಬಿಡುವ ಹೆಂಗಸಲ್ಲ ಸುಮತಿ. ಮೂಲೆಯಲ್ಲಿ ದೇವರ ಪಟಗಳ ಎದುರು ಮಣೆ ಹಾಕಿ, ಹೊಲಿಗೆ ಯಂತ್ರ, ಮಿಕ್ಸಿ, ತರಕಾರಿ ಚೂರಿ, ನನ್ನ ಹಳೆಯ ಕಾರಿನ ಕೀಲಿ, ಸ್ಟೋರಿನ ಕ್ಯಾಲ್ಕ್ಯುಲೇಟರ್ ಎಲ್ಲ ಸಾಲಾಗಿ ಇಟ್ಟಳು. ಕೊನೆಗೆ ಒಳಗೆ ಹೋಗಿ ಮಂಚದ ಕೆಳಗಿನ ಬಿಲ್ಲನ್ನೂ ಬಾಣಗಳನ್ನೂ ತಾನೇ ತಂದಳು. ನಾನು ಬಾಯಿ ಬಿಟ್ಟು ನೋಡಿದೆ. ಮನೆಯಲ್ಲಿ ಇರುವಷ್ಟು ದಿನ ಅದೂ ಆಯುಧವೇ, ಇವತ್ತು ಒಂದು ದಿನ ಹೊರಗಿಡಬಾರದು ಎಂದಳು. ಗಂಧ, ಕುಂಕುಮ ಹಚ್ಚಿ ಪ್ಲಾಸ್ಟಿಕ್ ಸೇವಂತಿಗೆ ಮುಡಿಸಿದಳು. ಊರಿನಿಂದ ತಂದಿದ್ದ ಕೊನೆಯ ಹಿಡಿ ಅವಲಕ್ಕಿಗೆ ಬೆಲ್ಲ ಬೆರೆಸಿ ನೈವೇದ್ಯ. ಆರತಿ ಎತ್ತುವ ಹೊತ್ತಿಗೆ ಬಾಗಿಲು ಬಡಿದರು.

ಇಬ್ಬರು ಸೈನಿಕರು. ಒಬ್ಬ ಹೊರಗೇ ನಿಂತ, ಇನ್ನೊಬ್ಬ ಒಳಗೆ ಬಂದ. ನಿನ್ನೆ ಸಂಜೆ ಈ ಕಟ್ಟಡದ ಮೇಲೆ ಒಬ್ಬ ಮನುಷ್ಯ ಉದ್ದದ ವಸ್ತು ಹಿಡಿದುಕೊಂಡಿದ್ದ, ಯಾರು ಎಂದು ಕೇಳಿದ. ನನ್ನ ಬೇಟೆಯ ಚಟವೇ ಅವರನ್ನು ಮನೆ ಬಾಗಿಲಿಗೆ ಕರೆತಂದಿದೆ ಎಂದು ತಿಳಿಯಿತು. ನನಗೆ ಬರುವ ಹತ್ತು ಅರಬಿ ಪದಗಳಲ್ಲಿ ಟಿವಿಯ ಆಂಟೆನಾ ಸರಿ ಮಾಡುತ್ತಿದ್ದೆ ಎಂದು ಹೇಳಿದೆ. ಅವನ ಕಣ್ಣು ಅಷ್ಟರಲ್ಲಿ ದೇವರ ಮೂಲೆಗೆ ಹೋಗಿತ್ತು. ಬಿಲ್ಲಿನ ಹತ್ತಿರ ಹೋದ. ಗೋಡೆಯ ಪಟದಲ್ಲಿ ದೇವರು ಬಿಲ್ಲು ಹಿಡಿದು ನಿಂತಿದ್ದಾರೆ. ಪಟ ನೋಡಿದ, ಬಿಲ್ಲು ನೋಡಿದ. ಆಮೇಲೆ ಕುಂಕುಮ ಹಚ್ಚಿಕೊಂಡ ಮಿಕ್ಸಿ ನೋಡಿದ. ಮಿಕ್ಸಿಯನ್ನು ಬಹಳ ಹೊತ್ತು ನೋಡಿದ. ನಾನು ಇಲ್ಲದ ಹಾಗೆ ನಿಂತೆ. ಸುಮತಿಗೆ ಅರಬಿ ಬಾರದು. ಅವಳು ಪೂಜೆಗೆ ಬಂದವರಿಗೆ ಕೊಡುವ ಹಾಗೆ ಅವಲಕ್ಕಿಯ ತಟ್ಟೆ ಹಿಡಿದು ಮುಂದೆ ಬಂದಳು. ಇನ್ನೊಂದು ಕೈಯಲ್ಲಿ ಕುಂಕುಮದ ಬಟ್ಟಲು. ಅವನು ಹೆಗಲಿನ ಕೋವಿಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ, ಅದಕ್ಕೂ ಎಲ್ಲಿ ಬೊಟ್ಟು ಇಟ್ಟುಬಿಡುತ್ತಾಳೋ ಎಂದು. ಆಮೇಲೆ ಎರಡೂ ಕೈ ಒಡ್ಡಿ ಅವಲಕ್ಕಿ ತೆಗೆದುಕೊಂಡು ನಿಂತಲ್ಲೇ ತಿಂದ. ಇನ್ನಷ್ಟು ಕೇಳಿದ. ಅವನಿಗೂ ಹಸಿವಾಗಿತ್ತು. ಬಾಗಿಲಲ್ಲಿ ತಿರುಗಿ ನನ್ನನ್ನೇ ನೋಡುತ್ತ, "ಟೆರೇಸಿಗೆ ಹೋಗಬೇಡ. ಖಲಾಸ್," ಎಂದ.

ಅವನಿಗೆ ಗೊತ್ತಾಗಿತ್ತು. ಹತ್ತು ಹೆಜ್ಜೆ ದೂರದಲ್ಲಿ, ಎಳೆದ ಹಗ್ಗವನ್ನು ಅವನೂ ನನ್ನ ಹಾಗೆ ಮೆಲ್ಲಗೆ ಸಡಿಲ ಬಿಟ್ಟಿದ್ದ. ಆ ಪಾರಿವಾಳಕ್ಕೆ ಹೇಗಾಗಿರಬಹುದೆಂದು ನನಗೆ ಚೆನ್ನಾಗಿ ಅರ್ಥವಾಯಿತು. ನೆಲದ ಮೇಲೆ ಕೂತುಬಿಟ್ಟೆ. ಸುಮತಿ ಅಳುತ್ತಿದ್ದಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು ಒಂದು ಬಾಣವನ್ನು ನನ್ನ ಎದುರು ಹಿಡಿದಳು. "ಕುಂಕುಮ ಹಚ್ಚುವಾಗ ನೋಡಿದೆ. ಆರಕ್ಕೆ ಆರೂ ಬಾಣದ ತುದಿಗೆ ಸಾಹೇಬರು ಸುತ್ತಿದ ಕಾಗದ ಹಾಗೆಯೇ ಉಂಟು. ಮೂರು ದಿವಸ ನಿಮ್ಮ ಗುರಿ ತಪ್ಪಿದ್ದು ಹೇಗೆ?" ಎಂದಳು. ನಾನು ಬಾಣ ನೋಡಿದೆ. ಒಂದು ಜೀವ ಉಳಿಸಿದ ದಯಾಳು ಅದರ ಕಾಗದ ಬಿಚ್ಚುವುದನ್ನೇ ಮರೆತಿದ್ದ.

ಎರಡು ವಾರದಲ್ಲಿ ಬಸ್ಸಿನ ಸರದಿ ಬಂತು. ಬಿಲ್ಲನ್ನು ಕೊಂಡೊಯ್ಯುವಂತಿರಲಿಲ್ಲ. ದೇವರ ಎದುರೇ ಬಿಟ್ಟು ಬಾಗಿಲು ಹಾಕಿದೆವು. ಮುಂದಿನ ವರ್ಷ ತಿರುಗಿ ಬಂದಾಗ ಬಾಗಿಲು ಮುರಿದಿತ್ತು. ಟಿವಿ ಇಲ್ಲ, ಹೊಲಿಗೆ ಯಂತ್ರ ಇಲ್ಲ, ಪೂಜೆ ಮಾಡಿಸಿಕೊಂಡ ಮಿಕ್ಸಿಯೂ ಇಲ್ಲ. ಪಟಗಳು, ಪ್ಲಾಸ್ಟಿಕ್ ಸೇವಂತಿಗೆ, ಬಿಲ್ಲು, ಆರು ಬಾಣ ಇಟ್ಟಲ್ಲೇ ಇದ್ದವು. ವಾಲ್ಟರ್ ಸಾಹೇಬರು ಬಂದಾಗ ಒಪ್ಪಿಸಿದೆ. ಕುಂಕುಮದ ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿದರು, ಹೋಗಲಿಲ್ಲ. ಕಥೆ ಕೇಳಿದ ಮೇಲೆ ಉಜ್ಜುವುದನ್ನು ಬಿಟ್ಟರು. ಅಪ್ಪನಿಗೆ ಸಂತೋಷವಾಗುತ್ತಿತ್ತು ಎಂದರು. ಮತ್ತೆ ನನ್ನನ್ನು ಶುಕ್ರವಾರಕ್ಕೆ ಕರೆದರು.

ಮೊನ್ನೆ ಅಡುಗೆಮನೆಯಿಂದ ಸುಮತಿ ಕರೆದಳು. ಸಿಂಕಿನ ಅಡಿಯಲ್ಲಿ ಜಿರಲೆ. ಚಪ್ಪಲಿ ಕೈಗೆತ್ತಿಕೊಂಡು ಹೋದೆ. ಉಸಿರು ಹಗುರ ಮಾಡಿ, ಇಲ್ಲದ ಹಾಗೆ ನಿಂತೆ. ಅದು ಮೀಸೆ ಆಡಿಸುತ್ತ ಹೊರಗೆ ಬಂತು, ನಿಂತಿತು, ನನ್ನ ಹೆಬ್ಬೆರಳಿನ ಪಕ್ಕದಲ್ಲೇ ಹಾದು ಬಾಗಿಲ ಸಂದಿಯಲ್ಲಿ ಮರೆಯಾಯಿತು. ಅದಕ್ಕೂ ಒಂದು ಬಗೆಯ ನಡಿಗೆ ಇದೆ ಎಂದು ನಾನು ಗಮನಿಸಿದ್ದು ಆವತ್ತೇ. ಏನಾಯಿತು ಎಂದಳು. ಗುರಿ ತಪ್ಪಿತು ಎಂದೆ. ಸುಮತಿ ಹತ್ತಿರ ಬಂದು ಚಪ್ಪಲಿಯನ್ನು ತಿರುಗಿಸಿ ನೋಡಿ ಕೇಳಿದಳು: "ಇದಕ್ಕೂ ಕಾಗದ ಸುತ್ತಿದ್ದೀರೋ?"