ಬಾಮೈದ ಕಳಿಸಿದ ಹಕ್ಕಿ ಬಂಗಲೆ

ಕೆಲವರ ಮನೆಗೆ ನೆಂಟರು ಬರ್ತಾರೆ, ಕೆಲವರ ಮನೆಗೆ ಕಳ್ಳರು ಬರ್ತಾರೆ. ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಮನೆಗೆ ಮಾತ್ರ ಯಾವಾಗಲೂ ಇಂಥ ಪಾರ್ಸಲ್ಲುಗಳೇ ಬರ್ತಾ ಇರ್ತವೆ.

ಪಾರ್ಸಲ್ಲು

ಟೆಕ್ಸಾಸ್‌ನಲ್ಲಿರೋ ನನ್ನ ಬಾಮೈದ ಒಂದು ದೊಡ್ಡ ಪೆಟ್ಟಿಗೆ ಕಳಿಸಿದ. ಒಳಗೆ ಹಕ್ಕಿಗಳಿಗೆ ಅಂತ ಮಾಡಿದ ಮನೆ. ಮನೆ ಏನು ಬಂತು, ಅಪಾರ್ಟ್‌ಮೆಂಟೇ. ಮೂರಂತಸ್ತು, ನಾಕೂ ಕಡೆ ಬಾಗಿಲು, ರೂಮಿಗೊಂದು ಬಾಲ್ಕನಿ. ಇಲ್ಲೇ ಹತ್ತಿರ ಕೊಲಿಂಡೇಲ್‌ನಲ್ಲಿ ನಮ್ಮ ಹುಡುಗರು ಅರ್ಧ ಸಂಬಳ ಬಾಡಿಗೆಗೆ ಸುರಿದು ಇಂಥದ್ದರಲ್ಲೇ ಇರ್ತಾರೆ, ಬಾಲ್ಕನಿ ಇಲ್ಲದೆ.

"ಇದು ಪರ್ಪಲ್ ಮಾರ್ಟಿನ್ ಅನ್ನೋ ಹಕ್ಕಿಗೆ ಬಾವ," ಅಂದ ಫೋನಲ್ಲಿ. "ನಮ್ಮ ಹಿತ್ತಲಿಗೆ ಗುಂಪುಗುಂಪಾಗಿ ಬರ್ತವೆ. ಜನ ಕಟ್ಟಿಕೊಟ್ಟ ಮನೇನೇ ಆಗಬೇಕು. ಬಿಳಿ ಪೇಂಟೇ ಬೇಕು. ಎದುರಿಗೆ ಮರ ಇರಬಾರದು. ಅಕ್ಕಪಕ್ಕ ತಮ್ಮವರೇ ಇರಬೇಕು. ಚಳಿ ಶುರುವಾದ್ರೆ ಬೆಚ್ಚಗಿರೋ ದೇಶಕ್ಕೆ ಹೋಗಿಬಿಡ್ತವೆ."

"ಗೊತ್ತಾಯ್ತು ಬಿಡು," ಅಂದೆ. "ಇಲ್ಲಿ ಹ್ಯಾರೋ ಸುತ್ತ ಮನೆ ಹುಡುಕೋ ನಮ್ಮವರ ಥರ."

ಮರ ಇಲ್ಲದ ಜಾಗ ಅಂದ್ರೆ ಹಿತ್ತಲಿನ ನಡುಮಧ್ಯ. ಅಲ್ಲಿ ಹೆಂಡತಿ ಬಟ್ಟೆ ಒಣಗಿಸೋ ಕಂಬ ಇತ್ತು. ಅದನ್ನ ಕಿತ್ತು ಹಕ್ಕಿ ಮನೆ ಕಂಬ ನೆಟ್ಟೆ. ಅವಳು ಕಿಚನ್ ಕಿಟಕಿಯಿಂದಲೇ ತೀರ್ಪು ಕೊಟ್ಟಳು. "ಮೇ ಮುಗಿಯೋದರೊಳಗೆ ಹಕ್ಕಿ ಬಂದ್ರೆ ಸರಿ. ಇಲ್ಲಾಂದ್ರೆ ಅದು ಶೆಡ್ಡಿಗೆ, ನನ್ನ ಕಂಬ ವಾಪಸ್ಸು. ನೀವು ಎಲ್ಲಿಗೆ ಅಂತ ಆಮೇಲೆ ನೋಡೋಣ."

ಈಶಾನ್ಯ

ನಮ್ಮ ಬೀದಿ ಕೊನೇಲಿ ಧಾರವಾಡದ ಡಾಕ್ಟರೊಬ್ಬರಿದಾರೆ, ಸರ್ಜನ್ನು. ವಾರವೆಲ್ಲ ಜನರ ಹೊಟ್ಟೆ ಕೊಯ್ದು, ಭಾನುವಾರ ಎಲ್ಲರ ಮನೆ ವಾಸ್ತು ನೋಡ್ತಾರೆ. ಬಂದವರೇ ಫೋನಿನ ಕಂಪಾಸ್ ತೆಗೆದ್ರು.

"ದಕ್ಷಿಣಕ್ಕ ಬಾಗಲಾ ಅವಲ್ರೀ. ಯಾ ಹಕ್ಕಿ ಬರ್ತದ ಇದಕ್ಕ?"

"ಹಕ್ಕಿಗೆ ವಾಸ್ತು ಗೊತ್ತಾಗುತ್ತಾ ಡಾಕ್ಟ್ರೇ?"

"ಮನಷ್ಯಾಗ ಗೊತ್ತಾಗಂಗಿಲ್ರೀ. ಹಕ್ಕಿಗೆ ಗೊತ್ತಾಗ್ತದ."

ಬ್ಯಾಗಿಂದ ಆಪರೇಷನ್ ಆದಮೇಲೆ ಅಂಟಿಸೋ ಪಟ್ಟಿ ತೆಗೆದು ದಕ್ಷಿಣದ ಬಾಗಿಲೆಲ್ಲ ನೀಟಾಗಿ ಮುಚ್ಚಿದ್ರು. ಕಂಬ ತಿರುಗಿಸಿ ಮುಂಭಾಗದ ಬಾಲ್ಕನಿಗಳನ್ನ ಈಶಾನ್ಯಕ್ಕೆ ಹೊಂದಿಸಿದ್ರು. ಇಷ್ಟಾದ ಮೇಲೆ ಹಾಲುಕ್ಕಿಸದೆ ಇರೋಕಾಗುತ್ತಾ? ಕ್ಯಾಂಪಿಂಗ್ ಸ್ಟವ್ ತಂದು ಹುಲ್ಲಿನ ಮೇಲೇ ಇಟ್ಟು ಉಕ್ಕಿಸಿದ್ವಿ. ಹಾಲು ಪೂರ್ವಕ್ಕೆ ಉಕ್ಕಿತು, ಹುಲ್ಲು ನಾಕೂ ದಿಕ್ಕಿಗೆ ಸುಟ್ಟಿತು. ಗೃಹಪ್ರವೇಶಕ್ಕೆ ನಮ್ಮವರೆಲ್ಲ ಬಂದ್ರು, ಬಿಸಿಬೇಳೆಬಾತ್ ತಿಂದ್ರು, ಮನೆ ಚೆನ್ನಾಗಿದೆ ಅಂದ್ರು, ಡಬ್ಬೀಲಿ ತುಂಬಿಸ್ಕೊಂಡೂ ಹೋದ್ರು. ಮನೆ ಯಜಮಾನರು ಮಾತ್ರ ಬರಲಿಲ್ಲ.

ಸುಪ್ರಭಾತ

"ಬೆಳಗಿನ ಜಾವ ಅದರ ಹಾಡು ಹಾಕಿ ಬಾವ," ಅಂದ ಬಾಮೈದ. "ಮೇಲೆ ಹೋಗೋವು ಕೇಳಿಸ್ಕೊಂಡು ಇಳಿದುಬಿಡ್ತವೆ." ರೆಕಾರ್ಡಿಂಗೂ ಕಳಿಸಿದ. ನಾನು ಬ್ಲೂಟೂತ್ ಸ್ಪೀಕರನ್ನ ತುಳಸಿ ಕುಂಡದಲ್ಲಿ ಬಚ್ಚಿಟ್ಟು ಫೋನಿಂದ ದಿನಾ ಹಾಕ್ತಾ ಬಂದೆ.

ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದ್ರೆ, ಬೇಲಿಯಾಚೆ ಓಣೀಲಿ ಹಸಿರು ಜಾಕೆಟ್ಟಿನವರ ಒಂದು ಸಾಲು. ಒಬ್ಬೊಬ್ಬರ ಕೈಯಲ್ಲೂ ಫಿರಂಗಿ ಥರದ ಲೆನ್ಸು. ಮುಂದಿದ್ದವನು ಪಿಸುಗುಟ್ಟಿದ. "ಪರ್ಪಲ್ ಮಾರ್ಟಿನ್ ದನಿ ಕೇಳಿಸ್ತಾ ಇದೆ ಅಂತ ಸುದ್ದಿ ಬಂತು. ಅದು ಅಮೆರಿಕದ ಹಕ್ಕಿ, ಈ ದೇಶದಲ್ಲಿ ಇರೋದೇ ಇಲ್ಲ. ರಜ ಹಾಕಿ ಬಂದಿದೀನಿ."

ನಾನು ಮೆಲ್ಲಗೆ ತುಳಸಿ ಕುಂಡಕ್ಕೆ ಅಡ್ಡ ನಿಂತೆ. ಹೆಂಡತಿ ಪಾಪ ಅಂತ ಎಲ್ಲರಿಗೂ ಟೀ ಕೊಟ್ಟಳು. ಕುಂಡದೊಳಗೆ ಹಕ್ಕಿ ಹಾಡ್ತಾನೇ ಇತ್ತು, ಲೆನ್ಸುಗಳೆಲ್ಲ ಆಕಡೆ ತಿರುಗಿದ್ವು. ಅಷ್ಟರಲ್ಲಿ ಫೋನ್ ಬಂತು. ಕಟ್ ಮಾಡೋಕೆ ಹೋಗಿ ಇನ್ನೊಂದು ಬಟನ್ ಒತ್ತಿದೆ. ತುಳಸಿ ಗಿಡದಿಂದ ಕ್ಯಾನರಿ ವಾರ್ಫಿನ ನಮ್ಮ ಆಫೀಸಿನ ಮ್ಯಾನೇಜರ್ ದನಿ ಬಂತು. "ಮೀಟಿಂಗ್ ಶುರುವಾಗಿದೆ, ಎಲ್ಲಿದೀರಾ?"

ಮುಂದಿದ್ದವನು ಟೀ ಮುಗಿಸಿ, ಸ್ಟ್ಯಾಂಡ್ ಮಡಿಚಿಕೊಂಡ. "ಈ ಜಾತಿ ಲಂಡನ್‌ನಲ್ಲಿ ಬೇಕಾದಷ್ಟಿದೆ," ಅಂದ.

ಕ್ಲಿಪ್ಪಿನ ಚೀಲ

"ಅದು ಈ ದೇಶದಲ್ಲೇ ಇಲ್ವಂತಲ್ಲೋ," ಅಂತ ಬಾಮೈದನಿಗೆ ಫೋನ್ ಮಾಡಿದೆ.

"ಲಂಡನ್ನಿಗೆ ಎಲ್ಲಾರೂ ಬರ್ತಾರೆ ಬಾವ, ಅದಕ್ಕೇನು ದಾಡಿ?"

ಹೆಂಡತಿ ಮೇ ಮುಗಿಯೋವರೆಗೆ ಕಾಯಲಿಲ್ಲ. ಹಕ್ಕಿ ಮನೆ ಕಂಬದಿಂದ ಬೇಲಿಗೆ ಹಗ್ಗ ಎಳೆದು, ಅದಕ್ಕೆ ಬಟ್ಟೆ ಕ್ಲಿಪ್ಪಿನ ಚೀಲ ನೇತುಹಾಕಿದಳು. ಆಮೇಲೆ ಒಂದಿಡೀ ವಾರ ಮಳೆ. ಬಿಸಿಲು ಬಂದ ದಿನ ಕ್ಲಿಪ್ ತೆಗೆಯೋಕೆ ಹೋದವಳು ಕೈ ಹಿಂದಕ್ಕೆ ತೊಗೊಂಡಳು. ಚೀಲದಿಂದ ಹೆಬ್ಬೆರಳುದ್ದದ ಕಂದು ಹಕ್ಕಿಯೊಂದು ಬುರ್ರಂತ ಹಾರಿ, ಬೇಲಿ ಮೇಲೆ ಕೂತು ಅವಳನ್ನ ಬೈಯೋಕೆ ಶುರುಮಾಡ್ತು.

ಪಕ್ಕದ ಮನೆ ಇಂಗ್ಲಿಷ್ ಮುದುಕರು ಬಂದು ಇಣುಕಿದ್ರು. "ರೆನ್ ಹಕ್ಕಿ. ಮೊಟ್ಟೆ ಇಟ್ಟಿದೆ. ಇನ್ನು ಗೂಡು ಕೀಳೋದು ಕಾನೂನಿಗೆ ವಿರುದ್ಧ. ಮರಿ ಹಾರೋವರೆಗೂ ಚೀಲ, ಹಗ್ಗ, ಕಂಬ, ಯಾವುದನ್ನೂ ಮುಟ್ಟಬೇಡಿ."

ಕಂಬ ಅಂದ ಕೂಡಲೇ, ಹಕ್ಕಿ ಮನೆ ಉಳೀತು ಅಂತ ನನಗೆ ನಗು ಬಂತು. ಮುಖ ಆಕಡೆ ತಿರುಗಿಸಿ ಗುಲಾಬಿ ಗಿಡ ನೋಡಿದೆ.

ಆಮೇಲೆ ಮನೆ ತುಂಬ ಒದ್ದೆ ಬಟ್ಟೆ. ರೇಡಿಯೇಟರ್ ಮೇಲೆ ಟವಲ್ಲು, ಮೆಟ್ಟಿಲ ಕಂಬಿ ಮೇಲೆ ಪ್ಯಾಂಟು. ಆದ್ರೆ ಹಕ್ಕಿ ವಿಷಯದಲ್ಲಿ ಹೆಂಡತಿ ಹಾಗೇ ಪಕ್ಷ ಬದಲಾಯಿಸಿಬಿಟ್ಟಳು. ನಾನು ಹಿತ್ತಲ ಬಾಗಿಲು ಸ್ವಲ್ಪ ಜೋರಾಗಿ ಹಾಕಿದ್ರೂ "ಮೆತ್ತಗೆ, ಬಾಣಂತಿ ಇದಾಳೆ" ಅಂತಾಳೆ. ನಮ್ಮ ಮಗಳು ಹುಟ್ಟಿದಾಗ ನನಗೆ ಇಷ್ಟು ಬೈದಿರಲಿಲ್ಲ.

ಡಾಕ್ಟರು ನೋಡೋಕೆ ಬಂದ್ರು. ಚೀಲದ ಎದುರು ನಿಂತು ಕಂಪಾಸ್ ತೆಗೆದ್ರು. ಫೋನನ್ನ ಒಂದ್ಸಲ ಕೊಡವಿ ಮತ್ತೆ ನೋಡಿದ್ರು. ಚೀಲದ ಬಾಯಿ ನೇರ ದಕ್ಷಿಣಕ್ಕಿತ್ತು.

"ಏನಂತೀರಿ ಡಾಕ್ಟ್ರೇ?" ಅಂದೆ.

ಅವರು ನಿಧಾನವಾಗಿ ಫೋನ್ ಜೇಬಿಗಿಟ್ಟರು. "ಬಾಡಿಗಿ ಮನಿಗೆ ವಾಸ್ತು ನೋಡೂದಿಲ್ರೀ."

ಹಿಂದೆ ಹೆಂಡತಿ ಒದ್ದೆ ಬೆಡ್‌ಶೀಟ್ ಹಿಡಿದು ನಿಂತಿದ್ದಳು. ಅದರ ಎರಡು ತುದಿ ಡಾಕ್ಟರ ಕೈಗೆ ಕೊಟ್ಟಳು, ಇನ್ನೆರಡು ನನ್ನ ಕೈಗೆ.

"ಯಾವ ದಿಕ್ಕಿಗಾದ್ರೂ ನಿಂತ್ಕೊಳ್ಳಿ," ಅಂದಳು, "ಒಣಗೋವರೆಗೂ ಅಲ್ಲಾಡಬೇಡಿ."