ಹೊಲಿಗೆ ಮೆಷಿನಿಗೆ ನಾನು ಮನೆ ಹುಡುಕಿದ್ದು

ಒಂದು ಹೊಲಿಗೆ ಮೆಷಿನಿಗೆ ಒಳ್ಳೆಯ ಮನೆ ಹುಡುಕುವುದು ಅರ್ಧ ದಿನದ ಕೆಲಸ ಎಂದುಕೊಂಡಿದ್ದೆ. ಮೂವತ್ತು ವರ್ಷ ಕಾಲೇಜಿನ ಆಫೀಸಿನಲ್ಲಿ ಕೂತು ಸಾವಿರಾರು ಮಕ್ಕಳಿಗೆ ಸೀಟು ಕೊಡಿಸಿದವಳು ನಾನು. ಒಂದು ಮೆಷಿನಿಗೆ ಮನೆ ಕೊಡಿಸಲಾರೆನೇ?

ಮೆಷಿನ್ ಸಿಕ್ಕಿದ್ದು ಕೂಳೂರಿನ ಗುಜರಿ ಅಂಗಡಿಯಲ್ಲಿ. ಕಾಲಲ್ಲಿ ತುಳಿಯುವ ಹಳೇ ಮಾದರಿ. ನನಗೆ ಒಂದು ಗುಂಡಿ ನೆಟ್ಟಗೆ ಹಾಕಲು ಬರುವುದಿಲ್ಲ, ಆದರೆ ನಿವೃತ್ತಿಯಾದವರಿಗೆ ಧೈರ್ಯ ಜಾಸ್ತಿ. ಮೊಬೈಲಿನಲ್ಲಿ ವಿಡಿಯೋ ನೋಡಿ ತುಕ್ಕು ಉಜ್ಜಿದೆ, ಕಪ್ಪು ಬಣ್ಣ ಬಳಿದೆ, ಹೊಸ ಬೆಲ್ಟ್ ಹಾಕಿದೆ, ಸಿಕ್ಕಿದ ತೂತಿಗೆಲ್ಲ ಎಣ್ಣೆ ಬಿಟ್ಟೆ. ಚಕ್ರ ಬೆಣ್ಣೆಯ ಹಾಗೆ ತಿರುಗಿತು. ಮಸ್ಕತ್ತಿನಿಂದ ಬಂದು ಮನೆಯಲ್ಲೇ ಇರುವ ನಮ್ಮವರು ಪೇಪರಿನ ಹಿಂದಿನಿಂದ ಕೇಳಿದರು.

"ಹೊಲಿದು ನೋಡಿದೆಯಾ?"

"ಚಕ್ರ ತಿರುಗುತ್ತದಲ್ಲ. ಇನ್ನೆಂತ ನೋಡುವುದು?"

ಇದನ್ನು ಯಾರ್ಯಾರಿಗೋ ಕೊಡಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಒಂದು ಅರ್ಜಿ ನಮೂನೆ ತಯಾರಿಸಿದೆ. ಹೆಸರು, ವಿಳಾಸ, ಮೆಷಿನ್ ಇಡುವ ಜಾಗದ ವಿವರ, ಉದ್ದೇಶ. ಉದ್ದೇಶಕ್ಕೆ ಹತ್ತು ಗೆರೆ ಬಿಟ್ಟಿದ್ದೆ. ನಮ್ಮವರು ಅದನ್ನು ಎರಡೂ ಬದಿ ತಿರುಗಿಸಿ ನೋಡಿದರು.

"ಮೆಷಿನ್ ಕೊಡುವುದಾ, ಮಗಳನ್ನು ಕೊಡುವುದಾ ಮಾರಾಯ್ತಿ?"

ಗುರುತಿನವರಿಗೆಲ್ಲ ಹಂಚಿದರೂ ಅರ್ಜಿ ಬಂದದ್ದು ಎರಡೇ. ಮೊದಲನೆಯದು ನಮ್ಮ ಬಾಗಿಲಿಗೆ ಮೀನು ತರುವ ಗಿರಿಜಕ್ಕನ ಸೊಸೆ, ಉಳ್ಳಾಲದ ಸುಮತಿಯದ್ದು. ಅವಳು ಖುದ್ದಾಗಿ ಬಂದಿದ್ದಳು.

"ಶಾಲೆ ಶುರುವಾಗಲಿಕ್ಕೆ ಹತ್ತೇ ದಿನ ಉಂಟು ಅಕ್ಕ. ಹನ್ನೆರಡು ಮಕ್ಕಳ ಯೂನಿಫಾರ್ಮ್ ಒಪ್ಪಿಕೊಂಡಿದ್ದೇನೆ. ನನ್ನ ಮೆಷಿನ್ ಪೂರಾ ಹಾಳಾಗಿದೆ. ಜೂನ್ ಬಂದರೆ ಇವರ ಬೋಟು ಎರಡು ತಿಂಗಳು ಕಡಲಿಗೆ ಇಳಿಯುವುದಿಲ್ಲ, ಮನೆ ನನ್ನ ಹೊಲಿಗೆಯಲ್ಲೇ ನಡೆಯಬೇಕು."

ಉದ್ದೇಶದ ಹತ್ತು ಗೆರೆಯಲ್ಲಿ ಅವಳು ಬರೆದದ್ದು ಒಂದೇ ಶಬ್ದ: 'ಹೊಲಿಯಲಿಕ್ಕೆ.' ಅದರ ಪಕ್ಕದಲ್ಲಿ ನಾನು ಕೆಂಪು ಪೆನ್ನಿನಲ್ಲಿ 'ವಿವರ ಸಾಲದು' ಎಂದು ಬರೆದೆ. ಈಗ ನೆನೆದರೆ ಆ ಪೆನ್ನನ್ನು ಕಿತ್ತುಕೊಳ್ಳುವವರು ಯಾರೂ ಇರಲಿಲ್ಲವಲ್ಲ ಎನಿಸುತ್ತದೆ.

ಎರಡನೆಯದು ಸುರತ್ಕಲ್‌ನಲ್ಲಿ ಕೆಫೆ ಇಟ್ಟ ಒಬ್ಬ ಯುವಕನದ್ದು. ಅವನಿಗೆ ಹತ್ತು ಗೆರೆ ಸಾಲದೆ ಹಾಳೆಯ ಹಿಂಬದಿಗೂ ಹೋಗಿದ್ದ. ಅಜ್ಜಿಯಂದಿರ ಪರಿಶ್ರಮ, ಪರಂಪರೆ, ಕೃತಜ್ಞತೆ. ಓದುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಸೀಟು ಅವನಿಗೆ ಖಾತ್ರಿಯಾಯಿತು! ಮರುದಿನವೇ ಟೆಂಪೋ ಮಾಡಿ ಮೆಷಿನನ್ನು ಸುರತ್ಕಲ್‌ಗೆ ಕಳುಹಿಸಿದೆ.

ಮೂರನೇ ದಿನ ಸ್ಥಳ ಪರಿಶೀಲನೆಗೆಂದು ಹೋದರೆ ಕಂಡದ್ದೇನು? ಮೆಷಿನಿನ ತಲೆ ನೆಲದ ಮೂಲೆಯಲ್ಲಿ. ಕೆಳಗಿನ ಕಬ್ಬಿಣದ ಕಾಲಿನ ಮೇಲೆ ಗಾಜಿನ ಹಲಗೆ. ಅದರ ಮೇಲೆ ಎರಡು ಗ್ಲಾಸು ಕೋಲ್ಡ್ ಕಾಫಿ.

"ನಮಗೆ ಸ್ಟ್ಯಾಂಡ್ ಮಾತ್ರ ಸಾಕು ಮೇಡಂ," ಎಂದ ಅವನು ಬಹಳ ವಿನಯದಿಂದ. "ಮೇಲಿನದ್ದು ಬೇಕಾದರೆ ನೀವೇ ಇಟ್ಟುಕೊಳ್ಳಿ."

ನಾನು ಆಗ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕಾಫಿ ಕುಡಿಯುತ್ತಿದ್ದವರು ಗ್ಲಾಸು ಸಮೇತ ಬೇರೆ ಟೇಬಲಿಗೆ ಹೋದರು. ತಲೆಯನ್ನು ಕಾಲಿಗೆ ಜೋಡಿಸಿ, ಇನ್ನೊಂದು ಟೆಂಪೋ ಹಿಡಿದು, ಕೂಳೂರು ಸೇತುವೆಯ ಟ್ರಾಫಿಕ್ ಬ್ಲಾಕಿನಲ್ಲಿ ಒಂದು ಗಂಟೆ ಬೆವತು, ನೇರ ಉಳ್ಳಾಲಕ್ಕೆ ಹೋದೆ. ದಾರಿಯುದ್ದಕ್ಕೂ ಸುಮತಿಯ ಹತ್ತು ದಿನದಲ್ಲಿ ನಾನು ನುಂಗಿದ್ದೆಷ್ಟು ಎಂದು ಬೆರಳು ಮಡಚುತ್ತಿದ್ದೆ. ಉಳಿದದ್ದು ಐದು.

ಸುಮತಿ ಕೂಡಲೇ ಮೆಷಿನಿನ ಮುಂದೆ ಕೂತಳು. ಸೀರೆ ಸೆರಗು ಸಿಕ್ಕಿಸಿ, ಬಿಳಿ ಅಂಗಿಯ ಬಟ್ಟೆ ಇಟ್ಟು ತುಳಿದಳು. ಮೆಷಿನ್ ನಾಲ್ಕು ಹೊಲಿಗೆ ಹಾಕಿ ನಿಂತಿತು. ಇನ್ನೊಮ್ಮೆ ತುಳಿದಳು. ಚಕ್ರ ಅಲುಗಾಡಲಿಲ್ಲ. ಬಿಳಿ ಬಟ್ಟೆಯ ಮೇಲೆ ಹಳದಿ ಕಲೆಯೊಂದು ನಿಧಾನವಾಗಿ ಅಗಲವಾಯಿತು. ಸೂಜಿಯ ಹತ್ತಿರದಿಂದ ಇರುವೆಯೊಂದು ಇಳಿದು ಬಂತು.

"ಅಕ್ಕ, ಇದಕ್ಕೆ ಎಣ್ಣೆ ಯಾವುದು ಹಾಕಿದ್ದು?"

"ಒಳ್ಳೆಯದೇ. ತವರಿನ ತೆಂಗಿನಕಾಯಿಯದ್ದು, ಮಿಲ್ಲಿನಲ್ಲಿ ಎದುರು ನಿಂತು ತೆಗೆಸಿದ್ದು," ಎಂದೆ ಹೆಮ್ಮೆಯಿಂದ. ನಮ್ಮಲ್ಲಿ ತಲೆಗೂ ಅದೇ, ಬಾಣಲೆಗೂ ಅದೇ, ಬಾಗಿಲು ಕಿರ್ ಅಂದರೂ ಅದೇ. ಮೆಷಿನಿಗೆ ಬೇರೆ ಎಣ್ಣೆ ಉಂಟೆಂದು ಹೇಳುವ ಭಾಗ ಬರುವಷ್ಟು ಹೊತ್ತಿಗೆ ನಾನು ಆ ವಿಡಿಯೋ ಮುಂದೆ ಓಡಿಸಿದ್ದೆ.

ಗಿರಿಜಕ್ಕ ಬಗ್ಗಿ ಮೂಸಿ ನೋಡಿದಳು. "ಸ್ವಲ್ಪ ಮೆಣಸು, ಉಪ್ಪು ಹಾಕಿದ್ದರೆ ಬಂಗುಡೆ ಹುರಿಯಬಹುದಿತ್ತು."

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಸುಮತಿ ಮಾತ್ರ ಮೆಷಿನನ್ನು ಬಿಚ್ಚಿ, ಅಂಟಂಟಾಗಿದ್ದ ಒಂದೊಂದೇ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಲಿಟ್ಟಳು. ಇನ್ನೂ ಒಂದು ದಿನ ಹೋಯಿತು. ಮರುದಿನ ಬೆಳಿಗ್ಗೆ ಸರಿಯಾದ ಎಣ್ಣೆ ಬಿಟ್ಟು ತುಳಿದಾಗ ಆ ಮೆಷಿನ್ ಓಡಿದ್ದನ್ನು ನೋಡಬೇಕಿತ್ತು. ನಾನು ಎರಡು ತಿಂಗಳು ಸಾಕಿದ್ದೆ, ಒಮ್ಮೆಯೂ ಅದರ ಸ್ವರ ಕೇಳಿರಲಿಲ್ಲ. ಊರೆಲ್ಲ ಸುತ್ತಿ ಒಳ್ಳೆಯ ಮನೆ ಯಾವುದು ಎಂದು ಪರೀಕ್ಷೆ ಮಾಡಿದವಳು, ಅದಕ್ಕೆ ಸಿಕ್ಕಿದ ಕೆಟ್ಟ ಮನೆ ನನ್ನದೇ ಎಂದು ಉಳ್ಳಾಲದಲ್ಲಿ ಕೂತು ತಿಳಿದುಕೊಂಡೆ.

ಪ್ರಾಯಶ್ಚಿತ್ತವಾಗಿ ಉಳಿದ ನಾಲ್ಕು ದಿನವೂ ಸಹಾಯಕ್ಕೆ ಬರ್ತೇನೆ ಎಂದೆ. ಸುಮತಿ ಒಂದು ಅಂಗಿಯನ್ನೂ ಗುಂಡಿಗಳನ್ನೂ ಕೊಟ್ಟಳು. ನಾನು ಬಹಳ ಶ್ರದ್ಧೆಯಿಂದ ಮೊದಲ ಗುಂಡಿ ಹೊಲಿದೆ. ಅವಳು ಅಂಗಿಯನ್ನು ಎತ್ತಿದಳು. ಅದರ ಜೊತೆ ನನ್ನ ಸೀರೆಯೂ ಎದ್ದು ಬಂತು.

"ಅಕ್ಕ," ಎಂದಳು ಕತ್ತರಿ ತೆಗೆದುಕೊಳ್ಳುತ್ತಾ, ಸ್ವಲ್ಪವೂ ಸಿಟ್ಟಿಲ್ಲದೆ, "ಗುಂಡಿ ನಾನು ನೋಡಿಕೊಳ್ತೇನೆ. ನೀವು ಚಾ ಮಾಡಿ."

ಹನ್ನೆರಡು ಯೂನಿಫಾರ್ಮ್ ಶಾಲೆ ಶುರುವಾಗುವ ಹಿಂದಿನ ದಿನ ಮುಗಿದವು. ಅದರಲ್ಲಿ ನನ್ನ ಪಾಲು ನಾಲ್ಕು ದಿನದ ಚಾ. ಅದಕ್ಕೂ ಸಕ್ಕರೆ ಹೆಚ್ಚಾಗಿತ್ತಂತೆ.